ಗುಂಡಿಯೊಳಗಿನ ಊಟದ ಕೂಗು

ನನ್ನ ನಾಲಿಗೆ ಮೊದಲಿನಿಂದಲೂ ಉದ್ದ. ಅದನ್ನು ಅಲ್ಲವೆನ್ನುವ ವಯಸ್ಸು ಈಗ ನನ್ನದಲ್ಲ. ಹೊಳಗುಂದದ ಕಡೆಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಗಂಡನಿಗೆ ಹೇಳಿಬಿಟ್ಟಿದ್ದೆ: "ಯುಗಾದಿಗೆ ತವರಿಗೆ ಹೊಂಟೀನಿ. ಹೊಲದಾಗ ನೀರು ಬರೂತನಕ ನಾ ತಿರುಗಿ ಬರಾಕಿ ಅಲ್ಲ." ನನ್ನ ತವರು ತುಂಗಭದ್ರೆಯ ಆಚೆ ದಂಡೆ, ಮೊಗಲಾಯಿ ಸೀಮೆ. ಹೊಳೆಯಲ್ಲಿ ಮುಳುಗೆದ್ದು ಬೆಳೆದವಳು ಇಲ್ಲಿ ಗುಡ್ಡ ಸುತ್ತಿ ಹೋಗಿ ಎರಡು ಕೊಡ ನೀರು ತರಬೇಕಾಗಿತ್ತು. ಸೊಂಟ ಬಿದ್ದುಹೋಗಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ನಮ್ಮ ಹೊಲದ ತಲೆಗೆ, ಗುಡ್ಡದ ಬುಡದಲ್ಲಿ, ಬಿರುಬೇಸಿಗೆಯಲ್ಲೂ ಜೇಕಿನ ಹುಲ್ಲು ಹಸಿರಾಗಿರುವ ಒಂದು ತುಂಡು ನೆಲವಿತ್ತು. ಕುರಿಗಳು ಅಲ್ಲಿ ಮೂತಿಯಿಟ್ಟು ಕೆಸರು ನೆಕ್ಕುತ್ತಿದ್ದವು. ಒಳಗೆ ಸೆಲೆ ಇದೆಯೆಂದು ಊರಿಗೆಲ್ಲ ಗೊತ್ತು, ಬಗೆದವರಿಲ್ಲ. ನನ್ನ ಮಾತು ಕೇಳಿದ ಮರುವಾರವೇ ನಮ್ಮ ಮನೆಯವರು ಕೌತಾಳಂ ಕಡೆಯಿಂದ ಬಾವಿ ತೋಡುವ ಒಬ್ಬ ತೆಲುಗಿನ ಮುದುಕನನ್ನು ಕರೆತಂದರು. ಬಂಡೆಯ ಸಂದಿನಲ್ಲಿ ನೀರು ಹುಟ್ಟುವ ಬಾಯಿಯನ್ನು ಹುಡುಕಿ, ಸುತ್ತ ಕಲ್ಲು ಕಟ್ಟಿ, ಮೇಲೆ ಚಪ್ಪಡಿ ಮುಚ್ಚಿ, ಕೆಳಗಿನ ತೊಟ್ಟಿಗೆ ನೀರು ಹರಿಸುವುದೆಂದು ಇಬ್ಬರೂ ಗೊತ್ತುಮಾಡಿಕೊಂಡರು. ಲಡಾಯಿಯ ಕಾಲ, ಆದವಾನಿಯಲ್ಲಿ ಸಿಮೆಂಟು ಕೇಳಿದರೆ ನಗುತ್ತಿದ್ದರು. ಸುಣ್ಣವನ್ನೇ ಅರೆದು ಇಟ್ಟಿದ್ದರು.

ಎಂಟು ದಿನಕ್ಕೆ ಗುಂಡಿ ಒಂದೂವರೆ ಆಳು ಇಳಿಯಿತು. ಗುಡ್ಡದ ಮಗ್ಗುಲಿನ ಗೋಡೆ ಪೂರಾ ಎರೆಮಣ್ಣು. ಮುದುಕನಿಗೆ ಅದರದೇ ಭಯ. ಬುಡಕ್ಕೆ ನೀರು ತಾಗಿದರೆ ಎರೆ ನಿಲ್ಲುವುದಿಲ್ಲ. ನೀರು ಕಂಡ ಕೂಡಲೇ ಕೆಳಗಿದ್ದವನು ಕೂಗಬೇಕು, ಮೇಲಿದ್ದವನು ಸೊಂಟಕ್ಕೆ ಕಟ್ಟಿದ ಹಗ್ಗ ಎಳೆಯಬೇಕು ಎಂದು ದಿನಾ ನಮ್ಮವರಿಗೆ ಹೇಳುತ್ತಿದ್ದನಂತೆ. ಹೇಳುತ್ತಿದ್ದುದು ತೆಲುಗಿನಲ್ಲಿ. ಗುಂಡಿಯ ಕೆಲಸದ ಮಾತೆಲ್ಲ ಅವರಿಬ್ಬರ ನಡುವೆ ತೆಲುಗೇ. ಆ ಊರಿನ ಎತ್ತಿಗೂ ತೆಲುಗು ತಿಳಿಯುತ್ತಿತ್ತು, ತಿಳಿಯದವಳು ನಾನೊಬ್ಬಳೇ.

ಆ ದಿನ ಬೆಳಿಗ್ಗೆ ನಮ್ಮಿಬ್ಬರಿಗೂ ಜಗಳವಾಗಿತ್ತು. ಯುಗಾದಿಗೆ ಉಳಿದದ್ದು ಮೂರೇ ದಿನ, ನಾನು ಸೀರೆ ಗಂಟು ಕಟ್ಟಿ ಅವರ ಕಣ್ಣಿಗೆ ಬೀಳುವ ಹಾಗೆ ಬಾಗಿಲಲ್ಲೇ ಇಟ್ಟಿದ್ದೆ. ಬಿಸಿ ರೊಟ್ಟಿ ಮುಂದಿಟ್ಟರೆ "ಒಲ್ಲೆ" ಎಂದು ಗುದ್ದಲಿ ಎತ್ತಿಕೊಂಡು ಹೋಗಿಬಿಟ್ಟರು. ಹೋಗಲಿ, ಹಸಿದರೆ ತಾವೇ ಬರುತ್ತಾರೆ ಎಂದುಕೊಂಡೆ. ಅತ್ತೆ ಬೈದು ನನ್ನನ್ನೂ ಹೊಲಕ್ಕೆ ಕರೆತಂದರು, ಮಣ್ಣಿನ ಬುಟ್ಟಿ ಹೊರಲು.

ಮಧ್ಯಾಹ್ನ ಅತ್ತೆ ಬುತ್ತಿ ತರಲು ಊರೊಳಗೆ ಹೋದರು. ನಮ್ಮವರು ಕೆಳಗಿದ್ದರು. ಮುದುಕ ಮೇಲೆ ಹಗ್ಗ ಹಿಡಿದಿದ್ದ. ಅಷ್ಟರಲ್ಲಿ ಕಲ್ಲು ಹೊರುವ ಅವನ ಕತ್ತೆ ಕಣ್ಣಿ ಹರಿದುಕೊಂಡು ಪಕ್ಕದವರ ಹೊಲಕ್ಕೆ ನುಗ್ಗಿತು. ಮುದುಕ ಹಗ್ಗವನ್ನು ನನ್ನ ಕೈಗೆ ತುರುಕಿ, "ಹಿಡ್ಕೋಮ್ಮಾ, ಇಗೋ ವಸ್ತಾ" ಎಂದು ಅತ್ತ ಓಡಿದ. ಕೆಳಗೆ ಗುದ್ದಲಿಯ ಸದ್ದಿನಲ್ಲಿ ಇದ್ದವರಿಗೆ ಇದಾವುದೂ ಗೊತ್ತಿಲ್ಲ.

ಗುದ್ದಲಿ ನಿಂತಿತು.

"ಊಟ ವಚ್ಚೆ!" ಎಂಬ ಕೂಗು ಬಂತು.

ವಚ್ಚೆ ಎಂದರೆ ಬಂತು ಎನ್ನುವಷ್ಟು ತೆಲುಗು ನನಗೆ ಬಂದಿತ್ತು. ಊರ ದಾರಿ ನೋಡಿದೆ. ಅತ್ತೆಯ ಸುಳಿವಿರಲಿಲ್ಲ. ಎಲ್ಲಿಯ ಊಟ, ಯಾರು ತಂದರು? ಬೆಳಿಗ್ಗೆ ನನ್ನ ರೊಟ್ಟಿಯನ್ನು ದೂಡಿದವರಿಗೆ ಈಗ ಹೊಟ್ಟೆ ಚುರುಗುಟ್ಟುತ್ತಿದೆ ಎನಿಸಿ ಒಳಗೊಳಗೇ ಖುಷಿಯಾಯಿತು. ಸುಮ್ಮನಿದ್ದೆ.

"ಊಟ ವಚ್ಚೆ ತಾತಾ, ಊಟ!" ಈ ಸಲ ದನಿ ಏರಿತ್ತು.

ಮುದುಕನನ್ನು ಊಟಕ್ಕೆ ಕರೆಯುತ್ತಾರೆ, ಕಟ್ಟಿಕೊಂಡ ಹೆಂಡತಿಯನ್ನಲ್ಲ! ನನಗೆ ಮೈಯೆಲ್ಲ ಉರಿಯಿತು. ಹಗ್ಗವನ್ನು ತೊಡೆಯ ಕೆಳಗೆ ಹಾಕಿಕೊಂಡು ಗಟ್ಟಿಯಾಗಿ ಕುಳಿತೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಕುಳಿತದ್ದು ನಿಜ.

"ಊಟ! ಊಟ!"

ಆಗ ನಾನು ಬಾಯಿ ಬಿಟ್ಟೆ. "ಮುಂಜಾನಿ ರೊಟ್ಟಿ ಕೊಟ್ರ ಒಲ್ಲೆ ಅಂದ್ರಿ! ಈಗ ಊಟಾ ಊಟಾ ಅಂತ ಬಡಕೋತೀರಲ್ಲಾ! ಸುಮ್ಕ ಕುಂದರ್ರಿ, ಅತ್ತಿ ತರ್ತಾರ!"

ಕೆಳಗಿನಿಂದ ಅವರು ಕನ್ನಡದಲ್ಲಿ, ಬೇರೆಯೇ ದನಿಯಲ್ಲಿ ಕೇಳಿದರು: "ನೀನೇನ ಮ್ಯಾಲ?"

ಉತ್ತರ ಕೊಡಲು ಬಗ್ಗಿದೆ. ಗುಡ್ಡದ ಮಗ್ಗುಲಿನ ಗೋಡೆ ಹೊಟ್ಟೆಯುಬ್ಬಿಸಿ ಮುಂದಕ್ಕೆ ಬಂತು, ಧಪ್ಪನೆ ಕುಸಿಯಿತು. ನಾನು ಹಗ್ಗ ಎಳೆದೆ. ಬಂಡೆಗೆ ಕಟ್ಟಿದ ಹಾಗೆ ಅದು ಅಲುಗಲಿಲ್ಲ.

ಎದೆಯ ತನಕ ಮಣ್ಣು. ಮುಖ ಹೊರಗಿತ್ತು, ಬಾಯಿ ತೆರೆದಿತ್ತು, ಉಸಿರು ಸರಿಯಾಗಿ ಬರುತ್ತಿರಲಿಲ್ಲ. ನಾನು ಕಿರುಚಿದ್ದು ಕೇಳಿ ಮುದುಕ ಕತ್ತೆಯನ್ನು ಬಿಟ್ಟು ಓಡಿ ಬಂದ. "ಏಮನ್ನಾಡು? ಏನಂದ?" ಎಂದ.

"ಊಟ ಅಂದ್ರು. ಹಸಿವಿ ಅಂತ..."

ಅವನು ಹಣೆ ಬಡಿದುಕೊಂಡ. "ಅಯ್ಯೋ ತಾಯೀ, ತೆಲುಗುಲೋ ಊಟ ಅಂಟೇ ನೀಳ್ಳು! ಸೆಲೆ! ತಿನ್ನೂದಲ್ಲ!" ಎಂದವನೇ ಗುಂಡಿಗೆ ಇಳಿದ.

ಅಷ್ಟು ಹೊತ್ತಿಗೆ ಸೆಲೆ ಬಾಯಿ ಬಿಟ್ಟಿತ್ತು. ಕುಸಿದ ಮಣ್ಣಿನೊಳಗಿಂದ ನೀರು ಬುಳುಬುಳು ಎದ್ದು ಅವರ ಎದೆಯನ್ನು ದಾಟುತ್ತಿತ್ತು. ನಾನು ಯಾವ ನೀರಿಗಾಗಿ ಮನೆಯಲ್ಲಿ ಮಾರಿಯಂತೆ ಕುಣಿದಿದ್ದೆನೋ ಅದೇ ನೀರು. ಗುದ್ದಲಿ ಹಾಕುವ ಹಾಗಿಲ್ಲ, ಮೈಗೆ ತಗಲುತ್ತದೆ. ಮುದುಕ ಕೈಯಿಂದ ಬಗೆದು ಬುಟ್ಟಿ ತುಂಬಿದ, ನಾನು ಎಳೆದು ಸುರಿದೆ. ನೀರು ಕುತ್ತಿಗೆಗೆ ಬಂತು. ಒಂದು ಬುಟ್ಟಿ ತೆಗೆದರೆ ಅರ್ಧ ಬುಟ್ಟಿ ಜಾರಿ ಒಳಗೇ ಬೀಳುತ್ತಿತ್ತು. ಉಗುರು ಕಿತ್ತುಹೋದದ್ದು ನನಗೆ ತಿಳಿದದ್ದು ಮರುದಿನ. ನೀರು ಗದ್ದಕ್ಕೆ ತಾಗಿದಾಗ ಅವರು ನನ್ನನ್ನೇ ನೋಡುತ್ತಿದ್ದರು. ದೇವರೇ, ಈ ನೀರು ಬತ್ತಿಹೋಗಲಿ, ಸಾಯುವತನಕ ಗುಡ್ಡ ಸುತ್ತಿ ಹೊರುತ್ತೇನೆ ಎಂದು ಬೇಡಿಕೊಂಡೆ.

ಆಗ ಅತ್ತೆ ಬುತ್ತಿ ಹೊತ್ತು ಬಂದರು. ಬುತ್ತಿ ಎಲ್ಲಿ ಬಿತ್ತೋ, ಮೂವರೂ ಸೇರಿ ಎಳೆದೆವು. ಸೊಂಟ ಬಿಟ್ಟಿತು, ಕಾಲು ಬಿಟ್ಟಿತು. ಎಡಗಾಲು ಮೊಣಕಾಲಿನ ಕೆಳಗೆ ಮುರಿದು ಜೋತಾಡುತ್ತಿತ್ತು.

ಮುದುಕ ಬಿದಿರ ದಬ್ಬೆ ಇಟ್ಟು ಕಾಲು ಕಟ್ಟುತ್ತಿದ್ದ. ಅತ್ತೆ ಅಳುತ್ತಲೇ ಮಗನನ್ನು ಬೈಯತೊಡಗಿದರು: "ನೀರು ಕಂಡ ಕೂಡ್ಲೆ ಕೂಗಬೇಕು ಅಂತ ತಾತ ದಿನಾ ಹೇಳ್ಯಾನ. ಕೂಗಾಕ ಬಾಯಿ ಇರಲಿಲ್ಲೇನೋ?"

ಮುದುಕನ ಕೈ ದಬ್ಬೆಯ ಮೇಲೆ ನಿಂತಿತು.

ನಮ್ಮವರು ನನ್ನ ಕಡೆ ನೋಡಲಿಲ್ಲ. "ಕೂಗಲಿಲ್ಲಬೇ. ಮರ್ತೆ" ಎಂದರು.

ಮುದುಕ ಗಂಟು ಬಿಗಿದ. ಎರಡು ತಿಂಗಳು ಬಿಟ್ಟು ಬಂದು ಕಲ್ಲು ಕಟ್ಟಿ, ಚಪ್ಪಡಿ ಮುಚ್ಚಿ, ತೊಟ್ಟಿಗೆ ನೀರು ಬಿಟ್ಟುಕೊಟ್ಟ. ನಾನು ಯುಗಾದಿಗೆ ತವರಿಗೆ ಹೋಗಲಿಲ್ಲ. ನಮ್ಮವರು ಉಳಿದ ಆಯುಷ್ಯವೆಲ್ಲ ಕುಂಟಿದರು. ಅವರು ತೊಟ್ಟಿಯ ಕಡೆ ಕಾಲೆಳೆದುಕೊಂಡು ಹೋದಾಗಲೆಲ್ಲ ಅತ್ತೆ, "ಕೂಗಾಕ ಸುದ್ದಾ ಬರಲಾರದ ಮಗ" ಎಂದು ಬಂದವರ ಮುಂದೆ ಆಡಿಕೊಳ್ಳುತ್ತಿದ್ದರು. ನಮ್ಮವರು ನಕ್ಕುಬಿಡುತ್ತಿದ್ದರು. ಊರಿಗೆಲ್ಲ ಎದುರುತ್ತರ ಕೊಡುವ ನಾನು ಒಲೆಯ ಮುಂದೆ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದೆ.

ಅತ್ತೆ ಹೋಗಿ ಬಹಳ ವರ್ಷವಾಯಿತು. ಈಗ ನಮ್ಮವರೂ ಇಲ್ಲ. ಅತ್ತೆಗೆ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬರೆದಿಡುತ್ತೇನೆ. ನಿಮ್ಮ ಮಗ ಕೂಗಿದ್ದರು. ಮೂರು ಸಲ ಕೂಗಿದ್ದರು.