ಹೊಟ್ಟಿನ ಗುಡ್ಡದ ಜಾರಾಟ

ಆ ಸದ್ದು ನನಗೂ ಕೇಳಿಸಿತ್ತೋ, ಮಗಳು ಹೇಳಿದ್ದರಿಂದ ಕೇಳಿದಂತಾಯಿತೋ, ಇಂದಿಗೂ ನಿಶ್ಚಯವಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಯೊಂದರ ಹಿಂದೆ ಭತ್ತದ ಹೊಟ್ಟು ಗುಡ್ಡದಂತೆ ಬಿದ್ದಿತ್ತು. ಮೊಬೈಲಿನಲ್ಲಿ ಹಿಮದ ಮೇಲೆ ಜಾರುವವರನ್ನು ಕಂಡು ಹಟ ಹಿಡಿದಿದ್ದ ಐದು ವರ್ಷದ ಮಗಳ ಕಾಲಿಗೆ ಹಲಗೆ ಕಟ್ಟಿ, ಆ ಗುಡ್ಡದ ಮೇಲಿಂದ ಜಾರಲು ಕಲಿಸುತ್ತಿದ್ದೆ. ಮೊದಲು ನಗುತ್ತಲೇ ಜಾರಿದಳು. ಇನ್ನೊಂದು ಬದಿಗೆ ತಿರುಗಿಸಿ ನಿಲ್ಲಿಸಿದಾಗ ಮಾತ್ರ ಕದಲಲಿಲ್ಲ.

“ಒಲ್ಲೆ ಪಪ್ಪಾ, ಇದರೊಳಗ ಯಾರೋ ಉಸುರು ಬಿಡಾಕತ್ತಾರ.”

“ಹೊಟ್ಟು ಉಸುರು ಬಿಡ್ತೈತೇನಬೇ, ಹುಚ್ಚಿ? ಮೊಣಕಾಲು ಮಡಚು, ಜಾರು” ಎಂದು ನಕ್ಕು, ತಳ್ಳಲು ಅವಳ ಬೆನ್ನಿಗೆ ಕೈಯಿಟ್ಟೆ. ಆಗ ಕಾಲಡಿಯಿಂದ ಯಾರೋ ನಿದ್ದೆಯಲ್ಲಿ ಉಸಿರೆಳೆದಂತಾಯಿತು. ಅವಳನ್ನು ಎತ್ತಿಕೊಂಡು, ಹತ್ತಿ ಬಂದ ದಾರಿಯಲ್ಲೇ ಕೆಳಗೋಡಿದೆ.

ಮರುದಿನ ಗಿರಣಿಯವರನ್ನು ಕರೆದು ಆ ಬದಿಯನ್ನು ಪರೀಕ್ಷಿಸಿದೆ. ಹೊಟ್ಟಿನ ಒಳಗೆ ಬೆಂಕಿ ಹತ್ತಿಕೊಂಡಿತ್ತು. ಸ್ವಲ್ಪ ಹೊತ್ತು ಚುಚ್ಚಿಟ್ಟ ಕಬ್ಬಿಣದ ಸಲಾಕೆಯ ತುದಿ ಕೆಂಪಗೆ ಹೊರಬಂತು.