ಕುಣಿಯುವ ಗೆರೆಗಳು

ನನಗೆ ಅನುಮಾನ ಜಾಸ್ತಿ. ನನ್ನ ಗಂಡ, ಮಗಳು, ತರಕಾರಿಯವಳು ಎಲ್ಲರೂ ಹೇಳುವ ಮಾತಿದು, ಅದಕ್ಕೇ ನಾನೇ ಮೊದಲು ಹೇಳಿಬಿಡುತ್ತೇನೆ. ಹಾಲಿನವನು ನಕ್ಕನೆಂದರೆ ಹಾಲಿಗೆ ನೀರು ಬಿದ್ದಿದೆ ಎಂದೇ ನನ್ನ ಲೆಕ್ಕ. ಇಂಥವಳು ಈಗ ನನ್ನ ತಮ್ಮನ ಹೆಂಡತಿಯ ಬಗ್ಗೆ ಬರೆಯಲು ಕೂತಿದ್ದೇನೆ.

ಅವಳಿಗೆ ನಾವಿಟ್ಟ ಹೆಸರು ಕಟಕಟಿ. ಮದುವೆಗೆ ಮುಂಚಿನಿಂದಲೂ ಟೈಪಿಂಗ್ ಕೆಲಸ. ಆಸ್ಪತ್ರೆಯ ಡಾಕ್ಟರುಗಳು ರೋಗಿಯ ವಿಷಯವನ್ನೆಲ್ಲ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಇವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಲಲ್ಲಿ ಪೆಡಲ್ ಒತ್ತಿ ಮಾತನ್ನು ನಿಲ್ಲಿಸುತ್ತ ಓಡಿಸುತ್ತ ಅದನ್ನು ಟೈಪು ಮಾಡುತ್ತಾಳೆ. ಮೊದಲು ಆಸ್ಪತ್ರೆಯ ಆಫೀಸಿನಲ್ಲೇ ಕೂರುತ್ತಿದ್ದಳು. ಹೋದ ವರ್ಷ ನಮ್ಮಮ್ಮನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಯಿತು, ದನಿ ಪಿಸುಮಾತಿಗಿಂತ ಮೇಲೇಳದಂತಾಯಿತು. ಆಗ ಕೆಲಸವನ್ನು ಮನೆಗೆ ತಂದುಕೊಂಡಳು. ತಮ್ಮ ಲಾರಿ ಡ್ರೈವರ್, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅಂದರೆ ಮನೆಯಲ್ಲಿ ಇಬ್ಬರೇ: ಏಳಲಾರದ ಅಮ್ಮ, ಕಿವಿ ಮುಚ್ಚಿಕೊಂಡ ಸೊಸೆ. ಹೆತ್ತ ಮಗಳ ಹೊಟ್ಟೆಗೆ ಬೆಂಕಿ ಬೀಳದೆ ಇರುತ್ತದೆಯೇ? ಅಮ್ಮನನ್ನು ನಮ್ಮ ಮನೆಗೆ ಸಾಗಿಸಿಬಿಡಬೇಕೆಂದು ಭಾನುವಾರಕ್ಕೆ ವ್ಯಾನು ಗೊತ್ತುಮಾಡಿಯೇ ಹೊರಟು ಬಂದೆ.

"ಭಾನುವಾರ ಅಮ್ಮನ್ನ ಕರ್ಕೊಂಡು ಹೋಗ್ತೀನಿ" ಎಂದೆ, ಬಾಗಿಲಲ್ಲೇ.

ಅವಳ ಮುಖ ಸಣ್ಣಗಾಯಿತು. "ಅತ್ತೆ ಹೂಂ ಅಂದ್ರೆ ಸರಿ, ಅತ್ತಿಗೆ. ಮೊದಲು ಒಳಗೆ ಬನ್ನಿ, ಬಿಸಿಲಲ್ಲಿ ಬಂದಿದೀರಿ" ಎಂದಳು.

ಬೆಣ್ಣೆಯಂಥ ಮಾತು. ಇಂಥದಕ್ಕೆಲ್ಲ ನಾನು ಕರಗುವವಳಲ್ಲ.

ಅವಳ ಕಳ್ಳಾಟ ಮೊದಲ ದಿನವೇ ಕಣ್ಣಿಗೆ ಬಿತ್ತು. ಅಮ್ಮನ ಕೋಣೆ ಮನೆಯ ಆ ತುದಿಗೆ, ಇವಳ ಮೇಜು ಈ ತುದಿಗೆ. ನೀರು ಕುಡಿಯುವ ನೆಪದಲ್ಲಿ ಹಿಂದಿನಿಂದ ಬಗ್ಗಿ ನೋಡಿದೆ. ಟೈಪು ಮಾಡುವ ಪುಟ ಕಂಪ್ಯೂಟರಿನ ಮೇಲರ್ಧದಲ್ಲಷ್ಟೇ ಇತ್ತು. ಕೆಳಗರ್ಧದಲ್ಲಿ, ಹಿನ್ನೆಲೆಗೆ ಜನ ಹೂವಿನದೋ ಮಕ್ಕಳದೋ ಫೋಟೋ ಹಾಕಿಕೊಳ್ಳುವ ಜಾಗದಲ್ಲಿ, ಹಸಿರು ನೀಲಿ ಗೆರೆಗಳು ಏಳುತ್ತ ಬೀಳುತ್ತ ಕುಣಿಯುತ್ತಿದ್ದವು! ನನಗೇನು ಗೊತ್ತಿಲ್ಲವೇ? ನನ್ನ ಮಗಳ ಕಂಪ್ಯೂಟರಿನಲ್ಲೂ ಇದೆ. ಹಾಡು ಹಾಕಿದರೆ ತಾಳಕ್ಕೆ ತಕ್ಕಂತೆ ಹಿನ್ನೆಲೆಯೇ ಕುಣಿಯುತ್ತದೆ. ಓಹೋ, ಡಾಕ್ಟರ ಮಾತಂತೆ ಡಾಕ್ಟರ ಮಾತು! ಇವಳು ಇಲ್ಲಿ ಹಾಡು ಕೇಳುತ್ತ ಕೂತರೆ ಅಲ್ಲಿ ನಮ್ಮಮ್ಮ ನೀರು ನೀರು ಎಂದು ಬಾಯಿ ಬಿಟ್ಟರೆ ಯಾರಿಗೆ ಕೇಳಬೇಕು?

ಏನಿದು ಎಂದು ಕೇಳಬಹುದಿತ್ತು. ಕೇಳಿದರೆ ಕಥೆ ಕಟ್ಟುತ್ತಾಳೆ ಎಂದು ಕೇಳಲಿಲ್ಲ.

ಅಮ್ಮನ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡೆ. "ನೋಡಮ್ಮ, ನಿನ್ನ ಸೊಸೆ ಹಾಡು ಕೇಳ್ಕೊಂಡು ಮಜವಾಗಿದಾಳೆ. ನಿನ್ನ ಪಾಡು ನಾಯಿಪಾಡು. ಇವಳ ಕೈಯಲ್ಲಿದ್ರೆ ನೀನು ಉಳಿಯಲ್ಲ."

ಅಮ್ಮ ಎಡಗೈ ಎತ್ತಿ "ಅದು... ಅದು..." ಎಂದಳು.

"ಸುಮ್ಮನೆ ಮಲಕ್ಕೋ, ಆಯಾಸ ಆಗುತ್ತೆ" ಎಂದು ನಾನೇ ಮುಂದುವರಿಸಿದೆ. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ಮದುವೆಯ ದಿನ ಅವಳು ಉಟ್ಟ ಸೀರೆಯಿಂದ ಹಿಡಿದು ನಿನ್ನೆಯ ಸಾರಿಗೆ ಉಪ್ಪು ಕಡಿಮೆಯಾದ ತನಕ ಒಂದನ್ನೂ ಬಿಡಲಿಲ್ಲ.

ಒಂದು ಮಾತ್ರ ನನ್ನ ಲೆಕ್ಕಕ್ಕೆ ಸಿಗಲಿಲ್ಲ. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅಮ್ಮ ಕೆಮ್ಮಿದರೆ ನನಗೇ ಕೇಳಿಯೂ ಕೇಳದಂತಿರುತ್ತಿತ್ತು. ಕಿವಿ ಮುಚ್ಚಿಕೊಂಡ ಇವಳು ಹೆಡ್‌ಫೋನ್ ಕಿತ್ತಿಟ್ಟು ನೀರಿನ ಲೋಟ ಹಿಡಿದು ಓಡುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಇವಳಿಗೆ?

ನಾಲ್ಕನೆಯ ದಿನ ಮಧ್ಯಾಹ್ನ ದಿಂಬಿನ ಚೀಲ ಬದಲಿಸಲು ಹೋದಾಗ ಸಿಕ್ಕಿತು. ದಿಂಬಿನ ಅಂಚಿಗೆ, ಅಮ್ಮನ ಬಾಯಿಯ ಹತ್ತಿರವೇ ಕ್ಲಿಪ್ಪು ಹಾಕಿದ್ದ ಗುಂಡಿಯಷ್ಟು ಕರಿಯ ಮೈಕು. ಅದರ ವೈರು ಮಂಚದ ಕಾಲು ಇಳಿದು, ಗೋಡೆಯಂಚಿನಲ್ಲಿ ಸಾಗಿ, ನೇರ ಅವಳ ಕಂಪ್ಯೂಟರಿಗೆ!

ಗೋಡೆಗೂ ಕಿವಿ ಇರುತ್ತದೆಂದು ಕೇಳಿದ್ದೆ, ಇವಳು ದಿಂಬಿಗೇ ಕಿವಿ ಇಟ್ಟಿದ್ದಾಳಲ್ಲ! ಮೂರು ದಿನ ನಾನು ಆಡಿದ್ದೆಲ್ಲ ಅಕ್ಷರ ಬಿಡದೆ ಕೇಳಿಸಿಕೊಂಡಿದ್ದಾಳೆ. ತಮ್ಮನಿಗೂ ಕೇಳಿಸುತ್ತಾಳೆ. ಎಂಥ ಖದೀಮಳು!

ಅಮ್ಮ "ಬೇ... ಬೇಡ" ಎಂದು ಕೈ ಆಡಿಸಿದಳು. ಸಿಟ್ಟು ನೆತ್ತಿಗೇರಿದವಳಿಗೆ ಅದೆಲ್ಲಿ ಕಾಣಬೇಕು? ಮಂಚದ ಕಾಲಿನ ಹತ್ತಿರ ವೈರಿಗೊಂದು ಜೋಡಣೆ ಇತ್ತು. ಹಿಡಿದು ಎಳೆದೆ, ಕಿತ್ತು ಬಂತು.

ಆ ತುದಿಯಲ್ಲಿ ಕುರ್ಚಿ ಧಡಾರನೆ ಬಿದ್ದ ಸದ್ದು. ಕಟಕಟಿ ಓಡಿ ಬಂದಳು. ಹೆಡ್‌ಫೋನ್ ಕತ್ತಿನಲ್ಲೇ ಇತ್ತು, ಅದರ ವೈರು ಹಿಂದೆ ನೆಲದ ಮೇಲೆ ಎಳೆದಾಡುತ್ತಿತ್ತು. ನನ್ನನ್ನು ಪಕ್ಕಕ್ಕೆ ದೂಡಿ ಅಮ್ಮನ ಮೂಗಿನ ಕೆಳಗೆ ಬೆರಳಿಟ್ಟಳು. ಎದೆಗೆ ಕಿವಿ ಆನಿಸಿದಳು. "ಅತ್ತೇ! ಅತ್ತೇ!" ಎಂದು ಕೂಗಿದಳು.

"ಏನೇ..." ಎಂದಳು ಅಮ್ಮ, ಪಿಸುದನಿಯಲ್ಲಿ.

ಕಟಕಟಿ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಆಮೇಲೆ ನನ್ನ ಕೈಯಲ್ಲಿದ್ದ ವೈರು ನೋಡಿದಳು.

"ನೀವು ತೆಗೆದ್ರಾ? ಗೆರೆ ಮಲಗಿಬಿಡ್ತು ಅತ್ತಿಗೆ. ಉಸಿರಿಗೆ ಸಣ್ಣಗೆ ಏಳುತ್ತೆ, ಕರೆದ್ರೆ ದೊಡ್ಡದಾಗಿ ಏಳುತ್ತೆ. ಒಂದು ವರ್ಷದಲ್ಲಿ ಒಂದು ಸಲವೂ ಹಾಗೆ ಚಪ್ಪಟೆ ಮಲಗಿರ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಡಾಕ್ಟರ ಮಾತು ಕಿವೀಲಿದ್ರೆ ಅತ್ತೆ ದನಿ ಕೇಳಲ್ಲ. ಇಲ್ಲೇ ಕೂತ್ರೆ ಕೀಲಿ ಸದ್ದಿಗೆ ಅವರಿಗೆ ನಿದ್ದೆ ಬರಲ್ಲ. ಅದಕ್ಕೆ ನಿಮ್ಮ ತಮ್ಮ ಹಾಡಿಗೆ ಕುಣಿಯೋ ಗೆರೆಗಳನ್ನ ಈ ಮೈಕಿನ ಸದ್ದಿಗೆ ಕುಣಿಯೋ ಹಾಗೆ ಮಾಡಿಕೊಟ್ರು."

ಆದರೂ ನನ್ನ ಹುಟ್ಟುಗುಣ ಬಿಡಲಿಲ್ಲ. "ಹಾಗಾದ್ರೆ ನಾನು ಆಡಿದ್ದೆಲ್ಲ ಕೇಳಿಸ್ಕೊಂಡೆ ಅನ್ನು."

"ಮಾತೆಲ್ಲಿ ಕೇಳುತ್ತೆ ಅತ್ತಿಗೆ? ಗೆರೆ ಕಾಣುತ್ತೆ, ಅಷ್ಟೇ. ನೀವು ಬಂದಾಗಿಂದ ದಿನವಿಡೀ ಜೋರಾಗಿ ಏಳ್ತಾನೇ ಇತ್ತು. ಅತ್ತೆ ಹತ್ರ ಕೂತು ಮಾತಾಡೋರು ಒಬ್ರು ಸಿಕ್ಕಿದ್ರಲ್ಲ, ಪಾಪ, ಅಂತ ನಂಗೆ ಎಷ್ಟು ಸಮಾಧಾನ ಆಗಿತ್ತು ಗೊತ್ತಾ?"

ನಾನು ಆಡಿದ ಒಂದೊಂದು ಮಾತನ್ನೂ ಪೂರ್ತಿ ಕೇಳಿಸಿಕೊಂಡವಳು ಮನೆಯಲ್ಲಿ ಒಬ್ಬಳೇ ಇದ್ದಳು. ಅವಳು ದಿಂಬಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ಅಮ್ಮ ಎಡಗೈಯನ್ನು ಮಂಚದ ಅಂಚಿನಿಂದ ಇಳಿಬಿಟ್ಟು ಸೊಸೆಯ ತಲೆಯ ಮೇಲಿಟ್ಟಳು.

"ಹಾಕು" ಎಂದಳು ನನಗೆ.

ನಾನು ಮಂಡಿಯೂರಿ ವೈರು ಸೇರಿಸಿದೆ.