ದೀಪದ ಪೆಟ್ಟಿಗೆಯ ಮೇಲಿನ ಎಲೆ

ನನ್ನ ತಮ್ಮನ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದ ಹಾಗೆ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಾನೆ. ಚಿತ್ರದಲ್ಲಿ ಏನು ಕಂಡರೂ ರೋಗಿಗೆ ಹೇಳುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಜನ ಕೈ ಹಿಡಿದುಕೊಂಡು "ಅಣ್ಣಾ, ಏನಾದ್ರೂ ಕಾಣ್ತಾ?" ಎಂದು ಗೋಗರೆಯುತ್ತಾರೆ. ಇವನದು ಒಂದೇ ಉತ್ತರ: "ಡಾಕ್ಟರ್ ಹೇಳ್ತಾರೆ." ಎಷ್ಟು ಸಲ ಹೇಳಿದ್ದಾನೆಂದರೆ ಆಸ್ಪತ್ರೆಯಲ್ಲಿ ಇವನ ಹೆಸರೇ ಅದಾಗಿಬಿಟ್ಟಿದೆ. "ಡಾಕ್ಟರ್‌ಹೇಳ್ತಾರೆ ಊಟಕ್ಕೆ ಹೋಗಿದಾರೆ, ಕೂತ್ಕೊಳ್ಳಿ" ಎಂದು ಆಯಾ ಒಬ್ಬಳು ಗಂಭೀರವಾಗಿ ಅಂದದ್ದನ್ನು ನಾನೇ ಕೇಳಿದ್ದೇನೆ.

ಊಟಕ್ಕೆ ಹೋದವನು ಊಟ ಮಾಡುವುದೆಲ್ಲಿ ಬಂತು! ಎಷ್ಟೋ ದಿನ ಡಬ್ಬಿ ತುಂಬಿದ ಹಾಗೇ ಮನೆಗೆ ವಾಪಸು. ಶವಾಗಾರದ ಹಿಂದಿನ ಗೋಡೆಯ ಬುಡದಲ್ಲಿ ಹಳದಿ ಹೂವಿನ ಒಂದು ಕಳೆ ಬೆಳೆಯುತ್ತದೆ, ಮುರಿದರೆ ಹಾಲು ಒಸರುವಂಥದ್ದು. ಯಾರೂ ನೆಟ್ಟಿದ್ದಲ್ಲ, ಯಾರಿಗೂ ಬೇಕಾದ್ದಲ್ಲ. ಅದರ ಎಲೆಯ ಮೇಲಿನ ಸಿಪ್ಪೆಗೂ ಕೆಳಗಿನ ಸಿಪ್ಪೆಗೂ ನಡುವೆ ಹುಳು ಹಸಿರನ್ನು ತಿನ್ನುತ್ತ, ಬಿಳಿ ದಾರಿ ಕೊರೆದುಕೊಂಡು ಹೋಗುತ್ತದೆ. ರಂಗೋಲಿ ಹುಳು ಅನ್ನುತ್ತಾರೆ. ಊಟದ ಹೊತ್ತಿನಲ್ಲಿ ಆ ಎಲೆ ಕಿತ್ತು ತಂದು, ಅದರೊಳಗಿರುವುದು ಯಾವ ಜಾತಿಯ ಹುಳು ಎಂದು ಗುರುತು ಹಿಡಿಯುವುದೇ ನನ್ನ ತಮ್ಮನ ಹುಚ್ಚು.

ಫಿಲ್ಮಿನ ಕಾಲ ಹೋಗಿ ಕಂಪ್ಯೂಟರ್ ಬಂದಾಗ, ಫಿಲ್ಮು ನೋಡುವ ದೀಪದ ಪೆಟ್ಟಿಗೆಯನ್ನು ಆಸ್ಪತ್ರೆಯವರು ಗುಜರಿಗೆ ಹಾಕಿದರು. ಇವನು ಹೆಗಲ ಮೇಲೆ ಹೊತ್ತು ತಂದ. ಏಳು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡು ನಾನು ಇಲ್ಲಿಗೆ ಬಂದಾಗ ಅದು ಊಟದ ಮೇಜಿನ ಮುಕ್ಕಾಲು ಭಾಗ ನುಂಗಿ ಕೂತಿತ್ತು. ನಾಲ್ಕು ಕುರ್ಚಿಯ ಮೇಜು. ಈ ಏಳು ವರ್ಷದಲ್ಲಿ ಅಲ್ಲಿ ಮೂರನೆಯವರು ಕೂತದ್ದು ನನಗೆ ನೆನಪಿಲ್ಲ.

ಆ ದೀಪ ಹತ್ತಿದರೆ ಮಾತ್ರ ಈ ಮೂಗನಿಗೆ ಬಾಯಿ ಬರುತ್ತಿತ್ತು.

"ಅಕ್ಕಾ, ಇಲ್ನೋಡು. ಹಿಕ್ಕೆ ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ ಬಿದ್ದಿದೆಯಲ್ಲ, ಇದು ನೊಣದ ಮರಿ. ನಟ್ಟನಡುವೆ ಒಂದೇ ಗೆರೆ ಇದ್ದಿದ್ರೆ ಪತಂಗದ್ದು."

"ಊಟದ ಹೊತ್ತಲ್ಲಿ ನಿನ್ನ ಹಿಕ್ಕೆ ಪುರಾಣ ಬೇಡ ಕಣೋ."

ಕೇಳಿಸಿಕೊಂಡರೆ ತಾನೆ? "ಆದ್ರೆ ಯಾವ ನೊಣ ಅಂತ ದಾರಿ ನೋಡಿ ಹೇಳೋಕಾಗಲ್ಲ. ಎರಡು ಜಾತಿ ಇದಾವೆ, ದಾರಿ ಒಂದೇ ಥರ. ಒಂದು ಎಲೆಯೊಳಗೇ ಕೋಶ ಕಟ್ಕೊಳ್ಳುತ್ತೆ, ಇನ್ನೊಂದು ಎಲೆ ಸೀಳಿ ಮಣ್ಣಿಗೆ ಬೀಳುತ್ತೆ. ಕಾಯಬೇಕು." ಅದಕ್ಕೇ ನಮ್ಮ ಕಿಟಕಿಯಲ್ಲಿ ಮರಳು ಹಾಕಿ ಎಲೆ ಇಟ್ಟ ಹನ್ನೊಂದು ಗಾಜಿನ ಸೀಸೆಗಳು. ಅದರಲ್ಲಿ ಆರು ನನ್ನ ಅಡುಗೆಮನೆಯವು, ಕೇಳದೆ ಎತ್ತಿಕೊಂಡದ್ದು.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಕಂಡವರ ಎದೆಯೊಳಗೆ ಇರೋದು ನೋಡಿ ಬಾಯಿಗೆ ಬೀಗ ಹಾಕ್ಕೋತೀಯ. ಹುಳದ ಹೊಟ್ಟೆ ವಿಷಯ ಗಂಟೆಗಟ್ಟಲೆ ಕೊರೀತೀಯ. ನೀನೆಂಥ ಮನುಷ್ಯನೋ!"

"ಎಲೆಗೆ ಡಾಕ್ಟರ್ ಇಲ್ವಲ್ಲಕ್ಕಾ" ಎಂದು ನಗುತ್ತಿದ್ದ.

ಮೊನ್ನೆ ಶುಕ್ರವಾರ, ಎರಡು ತಿಂಗಳಿಂದ ಬಿಡದ ನನ್ನ ಕೆಮ್ಮಿಗೆ ಎಕ್ಸ್‌ರೇ ಬರೆದುಕೊಟ್ಟರು. ತೆಗೆದವನು ಇವನೇ. ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತೆ. ಗಾಜಿನಾಚೆಯಿಂದ "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ" ಅಂದ. ಒಡಹುಟ್ಟಿದ ಅಕ್ಕನಿಗೆ ಬಹುವಚನ! ನಗು ಬಂತು. ಆದರೆ "ಬಿಡಿ" ಅನ್ನಲೇ ಇಲ್ಲ. ಕಾದು ಕಾದು ನಾನೇ ಬಿಟ್ಟೆ.

"ಏನು ಕಾಣ್ತೋ?" ಎಂದು ಕೇಳಿದೆ, ಹೊರಗೆ ಬಂದು.

ನನ್ನ ಚಪ್ಪಲಿ ನೋಡುತ್ತ ಹೇಳಿದ, "ಡಾಕ್ಟರ್ ಹೇಳ್ತಾರೆ."

ಎಕ್ಸ್‌ರೇ ನೋಡಿ ಹೇಳುವ ಡಾಕ್ಟರ್ ಸೋಮವಾರದವರೆಗೆ ರಜೆ. ಒಂದೇ ಸೂರಿನಡಿ ಗೊತ್ತಿರುವವನೊಬ್ಬ, ಗೊತ್ತಿಲ್ಲದವಳೊಬ್ಬಳು. ಬೈದೆ, ಪಾತ್ರೆ ಕುಕ್ಕಿದೆ, ಕೊನೆಗೆ ಬೇಡಿಕೊಂಡೆ. ತುಟಿಪಿಟಕ್ಕೆನ್ನಲಿಲ್ಲ. ದೀಪದ ಪೆಟ್ಟಿಗೆಯನ್ನೂ ಹಚ್ಚಲಿಲ್ಲ. ಒಂದು ಸೀಸೆಯಲ್ಲಿ ಪುಟ್ಟ ಕರಿ ನೊಣ ಹೊರಬಂದು ಗಾಜಿಗೆ ಬಡಿದುಕೊಳ್ಳುತ್ತಿತ್ತು. ಅದಕ್ಕಾಗಿ ವಾರಗಟ್ಟಲೆ ಕಾದವನು ತಿರುಗಿಯೂ ನೋಡಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಇವತ್ತು ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ನಾನೇ ದೀಪ ಹಚ್ಚಿ, ಆ ಸೀಸೆಯ ಎಲೆಯನ್ನು ಪೆಟ್ಟಿಗೆಯ ಮೇಲಿಟ್ಟೆ. "ಇದು ಯಾವುದು ಹೇಳೋ" ಎಂದೆ. ಜಗಳ ಸಾಕಾಗಿತ್ತು, ಅವನ ದನಿ ಕೇಳಿದರೆ ಸಾಕೆನಿಸಿತ್ತು.

ಬಂದು ನಿಂತು ಬಹಳ ಹೊತ್ತು ನೋಡಿದ.

"ಬಲಗಡೆ ಅಕ್ಕಾ. ಮೇಲ್ಗಡೆ. ನಿಂಬೆಹಣ್ಣಿನಷ್ಟಿದೆ."

ಅವನು ಹೇಳುತ್ತಿರುವುದು ಎಲೆಯ ವಿಷಯವಲ್ಲ, ನನ್ನ ಎದೆಯ ವಿಷಯ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. "ಏನದು?" ಎಂದೆ.

"ಇದೆ ಅಂತ ಹೇಳಬಲ್ಲೆ. ಏನು ಅಂತ ನೆರಳು ನೋಡಿ ಹೇಳೋಕಾಗಲ್ಲ. ಕೆಟ್ಟದ್ದಾದ್ರೂ ಅಷ್ಟೇ, ಅಲ್ಲದಿದ್ರೂ ಅಷ್ಟೇ, ನೆರಳು ಒಂದೇ ಥರ..." ಐವತ್ತು ದಾಟಿದ ಗಂಡಸು, ಮೇಜಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ಇಪ್ಪತ್ತಾರು ವರ್ಷ ಯಾರಿಗೂ ಹೇಳದವನು ನನಗೆ ಹೇಳಿದ್ದ.

ನನಗೆ ಭಯವಾಗಲಿಲ್ಲ ಅಂದರೆ ಸುಳ್ಳು. ಆದರೆ ಅದಕ್ಕಿಂತ ಮೊದಲು ಬಂದ ಯೋಚನೆಯೇ ಬೇರೆ. ನಾನು ಹೋಗಿಬಿಟ್ಟರೆ ಇವನು ಈ ದೀಪದ ಮುಂದೆ ಯಾರನ್ನು "ಇಲ್ನೋಡು" ಎಂದು ಕರೆಯುತ್ತಾನೆ? ಏಳು ವರ್ಷ ಬೈಯುತ್ತಲಾದರೂ ಕೇಳಿದವಳು ನಾನೊಬ್ಬಳೇ.

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಸೆರಗಿನಿಂದ ಅವನ ಮುಖ ಒರೆಸಿದೆ.

"ಡಾಕ್ಟರ್ ಹೇಳ್ತಾರೆ ಬಿಡೋ" ಎಂದೆ. "ಈ ನೊಣ ಯಾವುದು, ಅದನ್ನ ಹೇಳು ಈಗ."